ದೂರ ಒಂದೇ, ಹೊತ್ತು ಹಲವು: ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೋ ಹಾರಾಟ ಕುರಿತ ಓದುಗರ ಪ್ರಶ್ನೆಗಳು

ಅಮೆರಿಕಕ್ಕೆ ಹಾರುವ ವಿಮಾನದ ದೂರ, ಹೊತ್ತು, ಗಡಿಯಾರದ ಗೊಂದಲ ಕುರಿತ ಪತ್ರಗಳನ್ನು ಈ ಸಂಚಿಕೆಯಲ್ಲಿ ಒಟ್ಟಿಗೆ ಎತ್ತಿಕೊಂಡಿದ್ದೇವೆ. ಹೆಚ್ಚಿನವು ಸಿಲಿಕಾನ್ ವ್ಯಾಲಿಯಲ್ಲಿ ಮಕ್ಕಳಿರುವ ಅಪ್ಪ-ಅಮ್ಮಂದಿರ ಪತ್ರಗಳು. ಹಾಗಾಗಿ ಉದಾಹರಣೆಗಳನ್ನೆಲ್ಲ ಒಂದೇ ಹಾದಿಯಿಂದ ತೆಗೆದುಕೊಂಡಿದ್ದೇವೆ: ದೇವನಹಳ್ಳಿಯ ಕೆಂಪೇಗೌಡ ವಿಮಾನ ನಿಲ್ದಾಣದಿಂದ ಸ್ಯಾನ್ ಫ್ರಾನ್ಸಿಸ್ಕೋ ವಿಮಾನ ನಿಲ್ದಾಣಕ್ಕೆ. ಬೇರೆ ಊರಿಗೆ ಹೋಗುವವರು ಅಂಕಿ ಬದಲಿಸಿಕೊಂಡರೆ ಸಾಕು, ಲೆಕ್ಕದ ರೀತಿ ಅದೇ.

ಪ್ರಶ್ನೆ: ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಎಷ್ಟು ದೂರ ಎಂದು ಹುಡುಕಿದರೆ ಒಂದು ಕಡೆ 13,993, ಇನ್ನೊಂದು ಕಡೆ 8,695, ಮತ್ತೊಂದು ಕಡೆ 7,556 ಎಂದಿದೆ. ಮಗ ಬಂದ ವಿಮಾನದ ಜಾಡನ್ನು ಮೊಬೈಲಿನಲ್ಲಿ ನೋಡಿದರೆ ಹದಿನಾಲ್ಕೂವರೆ ಸಾವಿರ ದಾಟಿತ್ತು. ಯಾವುದನ್ನು ನಂಬುವುದು? — ತುಮಕೂರಿನ ಓದುಗರು

ಮೊದಲ ಮೂರೂ ಒಂದೇ ದೂರ, ಅಳತೆಗೋಲು ಮಾತ್ರ ಬೇರೆ. 13,993 ಎಂಬುದು ಕಿಲೋಮೀಟರ್. ಅದನ್ನು 1.609ರಿಂದ ಭಾಗಿಸಿದರೆ ಸಾಧಾರಣ ಮೈಲಿ, ಅಂದರೆ 8,695. ವಿಮಾನ ಮತ್ತು ಹಡಗಿನವರು ಬಳಸುವ ನಾಟಿಕಲ್ ಮೈಲಿ 1.852 ಕಿ.ಮೀ., ಆ ಲೆಕ್ಕದಲ್ಲಿ 7,556. ಅಕ್ಷಾಂಶದ ಒಂದು ಡಿಗ್ರಿಯನ್ನು 60 ಪಾಲು ಮಾಡಿದರೆ ಒಂದು ಪಾಲಿಗೆ ಒಂದು ನಾಟಿಕಲ್ ಮೈಲಿ. ನಕ್ಷೆಯಲ್ಲಿ ಡಿಗ್ರಿ ಎಣಿಸಿ ದೂರ ಹೇಳಬಹುದಾದ್ದರಿಂದ ಪೈಲಟ್‌ಗಳು ಅದನ್ನು ಬಿಟ್ಟಿಲ್ಲ. ಹಲವು ಜಾಲತಾಣಗಳು ಅಂಕಿಯ ಮುಂದೆ ಯಾವ ಮೈಲಿ ಎಂದು ಬರೆಯುವುದೇ ಇಲ್ಲ, ಗೊಂದಲ ಹುಟ್ಟುವುದು ಅಲ್ಲಿ.

ನಾಲ್ಕನೆಯದು ಬೇರೆಯೇ ಸಂಗತಿ. 13,993 ಎಂಬುದು ಎರಡು ನಿಲ್ದಾಣಗಳ ನಡುವಿನ ಅತಿ ಕಡಿಮೆ ದೂರ. ಮೊಬೈಲಿನಲ್ಲಿ ಕಂಡದ್ದು ಆ ದಿನ ಆ ವಿಮಾನ ನಿಜಕ್ಕೂ ಹಾರಿದ ದೂರ. ಏರುವಾಗ ರನ್‌ವೇ ಯಾವ ದಿಕ್ಕಿಗಿದೆಯೋ ಆ ಕಡೆ ಹೊರಟು ತಿರುಗಬೇಕು, ಇಳಿಯುವಾಗ ಸಾಲಿನಲ್ಲಿ ನಿಲ್ಲಬೇಕು, ನಡುವೆ ಗಾಳಿ ನೋಡಿ, ಮುಚ್ಚಿದ ವಾಯುಪ್ರದೇಶ ತಪ್ಪಿಸಿ ಸಾಗಬೇಕು. ಮೊದಲ ಅಂಕಿಗಿಂತ ಕಡಿಮೆ ಹಾರಲು ಯಾವ ವಿಮಾನಕ್ಕೂ ಆಗುವುದಿಲ್ಲ. ಹೆಚ್ಚು ಹಾರುವುದು ದಿನನಿತ್ಯದ ಮಾತು.

ಪ್ರಶ್ನೆ: ಈ ದೂರವನ್ನು ಹೈಸ್ಕೂಲು ಮಕ್ಕಳಿಂದಲೇ ಲೆಕ್ಕ ಹಾಕಿಸಬಹುದೆ? — ವಿಜ್ಞಾನ ಶಿಕ್ಷಕರು, ಧಾರವಾಡ

ಖಂಡಿತ. ಮೊದಲು ದಾರದ ಲೆಕ್ಕ. ಶಾಲೆಯಲ್ಲಿ 30 ಸೆಂ.ಮೀ. ವ್ಯಾಸದ ಗ್ಲೋಬ್ ಇದ್ದರೆ ಅದರ ಸುತ್ತಳತೆ 94.2 ಸೆಂ.ಮೀ. ಭೂಮಿಯ ಸುತ್ತಳತೆ ಸುಮಾರು 40,000 ಕಿ.ಮೀ. ಹಾಗಾದರೆ ದಾರದ ಒಂದು ಸೆಂಟಿಮೀಟರಿಗೆ 425 ಕಿ.ಮೀ. ದಾರದ ಒಂದು ತುದಿಯನ್ನು ಬೆಂಗಳೂರಿನ ಮೇಲೆ, ಇನ್ನೊಂದನ್ನು ಸ್ಯಾನ್ ಫ್ರಾನ್ಸಿಸ್ಕೋ ಮೇಲೆ ಒತ್ತಿ ಹಿಡಿದು ಬಿಗಿಯಾಗಿ ಎಳೆಯಲಿ. ದಾರ ತಾನಾಗಿಯೇ ಜಾರಿ ಅತಿ ಕಡಿಮೆ ದೂರದ ಹಾದಿಯಲ್ಲಿ ಕೂರುತ್ತದೆ. ಅಳೆದರೆ ಹೆಚ್ಚುಕಡಿಮೆ 33 ಸೆಂ.ಮೀ. ಗುಣಿಸಿದರೆ ಸುಮಾರು 14,000 ಕಿ.ಮೀ. ಹೆಚ್ಚಿನ ಮಕ್ಕಳು ಇಲ್ಲಿ ಮಾಡುವ ತಪ್ಪು ಒಂದೇ: ಗೋಡೆಯ ನಕ್ಷೆಯಲ್ಲಿ ನೋಡಿದ ನೆನಪಿನಲ್ಲಿ ದಾರವನ್ನು ಬಲವಂತವಾಗಿ ಪೆಸಿಫಿಕ್ ಸಾಗರದ ನಡುವೆ ಎಳೆಯುತ್ತಾರೆ. ದಾರವನ್ನು ಅದರ ಪಾಡಿಗೆ ಬಿಡಲು ಹೇಳಿ.

ಹತ್ತನೆಯ ತರಗತಿಯವರಿಗೆ ಕ್ಯಾಲ್ಕುಲೇಟರ್ ಕೊಡಿ. ಬೆಂಗಳೂರು ನಿಲ್ದಾಣ 13.20 ಡಿಗ್ರಿ ಉತ್ತರ, 77.71 ಪೂರ್ವ. ಸ್ಯಾನ್ ಫ್ರಾನ್ಸಿಸ್ಕೋ 37.62 ಉತ್ತರ, 122.38 ಪಶ್ಚಿಮ. ಒಂದು ಪೂರ್ವ, ಇನ್ನೊಂದು ಪಶ್ಚಿಮವಾದ್ದರಿಂದ ರೇಖಾಂಶಗಳನ್ನು ಕಳೆಯಬಾರದು, ಕೂಡಬೇಕು: 200.09. ಇನ್ನು ಎರಡು ಗುಣಾಕಾರ. ಮೊದಲನೆಯದು, ಎರಡೂ ಅಕ್ಷಾಂಶಗಳ ಸೈನ್: 0.228 ಗುಣಿಸು 0.610, ಅಂದರೆ 0.139. ಎರಡನೆಯದು, ಎರಡೂ ಅಕ್ಷಾಂಶಗಳ ಕೊಸೈನ್ ಮತ್ತು 200.09ರ ಕೊಸೈನ್, ಈ ಮೂರರ ಗುಣಲಬ್ಧ: 0.974, 0.792, ಮೈನಸ್ 0.939. ಬರುವುದು ಮೈನಸ್ 0.724. ಎರಡನ್ನೂ ಕೂಡಿದರೆ ಮೈನಸ್ 0.585. ಯಾವ ಕೋನದ ಕೊಸೈನ್ ಇದು ಎಂದು ಹಿಂದಿರುಗಿ ಕೇಳಿದರೆ ಕ್ಯಾಲ್ಕುಲೇಟರ್ 125.8 ಡಿಗ್ರಿ ಎನ್ನುತ್ತದೆ. ಭೂಮಿಯ ಮೇಲೆ ಒಂದು ಡಿಗ್ರಿಗೆ 111.2 ಕಿ.ಮೀ. ಗುಣಿಸಿ: 13,989.

ನಾಲ್ಕು ಕಿಲೋಮೀಟರ್ ಎಲ್ಲಿ ಹೋಯಿತು ಎಂದು ಜಾಣ ಹುಡುಗಿಯೊಬ್ಬಳು ಕೇಳಿಯೇ ಕೇಳುತ್ತಾಳೆ. ಒಂದಿಷ್ಟು ದಶಮಾಂಶ ಕತ್ತರಿಸಿದ್ದರಲ್ಲಿ ಹೋಯಿತು. ಮತ್ತೊಂದಿಷ್ಟು, ನಾವು ಭೂಮಿಯನ್ನು ಪೂರ್ತಿ ಗುಂಡಗೆ ಎಂದುಕೊಂಡದ್ದರಲ್ಲಿ. ಭೂಮಿ ಧ್ರುವಗಳ ಹತ್ತಿರ ಸ್ವಲ್ಪ ಚಪ್ಪಟೆ. ಉತ್ತರ ತೀರಾ ವಿಚಿತ್ರವಾಗಿ ಬಂದರೆ ಕ್ಯಾಲ್ಕುಲೇಟರ್ ರೇಡಿಯನ್‌ನಲ್ಲಿದೆ ಎಂದೇ ಅರ್ಥ. ಡಿಗ್ರಿಗೆ ತಿರುಗಿಸಿ.

ಪ್ರಶ್ನೆ: ಸೀಟಿನ ಮುಂದಿನ ಪರದೆಯ ನಕ್ಷೆಯಲ್ಲಿ ವಿಮಾನ ಅಮೆರಿಕದ ಕಡೆ ಹೋಗದೆ ಉತ್ತರಕ್ಕೆ ಏರಿ, ಬಿಲ್ಲಿನ ಹಾಗೆ ಬಾಗಿ ಇಳಿಯುತ್ತದೆ. ಸುತ್ತು ಹಾಕುವುದೇಕೆ? — ಮಂಡ್ಯದ ಓದುಗರು

ಸುತ್ತು ಹಾಕುತ್ತಿಲ್ಲ, ನಕ್ಷೆ ಸುಳ್ಳು ಹೇಳುತ್ತಿದೆ. ಕಿತ್ತಳೆಯ ಸಿಪ್ಪೆಯನ್ನು ಮೇಜಿನ ಮೇಲೆ ಚಪ್ಪಟೆ ಹಾಸಬೇಕಾದರೆ ಹರಿಯಬೇಕು, ಇಲ್ಲವೆ ಎಳೆಯಬೇಕು. ನಕ್ಷೆ ಮಾಡುವವರು ಧ್ರುವದ ಕಡೆಯ ನೆಲವನ್ನು ಎಳೆದು ಅಗಲಿಸಿರುತ್ತಾರೆ. ಗ್ಲೋಬಿನ ಮೇಲೆ ನೇರವಾಗಿ ಕೂತ ದಾರ ಅಲ್ಲಿ ಬಿಲ್ಲಾಗಿ ಕಾಣುತ್ತದೆ. ಭೂಗೋಳದ ಪಾಠದಲ್ಲಿ ಬರುವ ಮಹಾವೃತ್ತ ಇದೇ.

ಆ ದಾರದ ಪ್ರಕಾರ ದೇವನಹಳ್ಳಿ ಬಿಟ್ಟ ವಿಮಾನದ ಮೂಗು ಉತ್ತರಕ್ಕಿರಬೇಕು, ಪೂರ್ವಕ್ಕೆ 20 ಡಿಗ್ರಿಯಷ್ಟು ಮಾತ್ರ ವಾಲಿರಬೇಕು. ಹಾದಿ ಉತ್ತರ ಪ್ರದೇಶ, ನೇಪಾಳ, ಟಿಬೆಟ್, ಪಶ್ಚಿಮ ಮಂಗೋಲಿಯ, ಸೈಬೀರಿಯ ದಾಟಿ ಆರ್ಕ್ಟಿಕ್ ಸಾಗರದ ಅಂಚಿಗೆ ಬರುತ್ತದೆ. ಅಲ್ಲಿ ಸುಮಾರು 71 ಡಿಗ್ರಿ ಉತ್ತರದವರೆಗೆ ಏರಿ, ಅಲಾಸ್ಕಾ ಮೇಲಿಂದ ಕ್ಯಾಲಿಫೋರ್ನಿಯಾಗೆ ಇಳಿಯುತ್ತದೆ. ಗಮನಿಸಿ, ಅತಿ ಕಡಿಮೆ ದೂರದ ಹಾದಿ ಉತ್ತರ ಧ್ರುವವನ್ನು ಮುಟ್ಟುವುದಿಲ್ಲ. ಆದರೂ ಏರ್ ಇಂಡಿಯಾ 2021ರ ಜನವರಿಯಲ್ಲಿ ಈ ಹಾದಿಯಲ್ಲಿ ಮೊದಲ ವಿಮಾನ ಓಡಿಸಿದಾಗ ಅದು ಧ್ರುವದ ಮೇಲಿಂದಲೇ ಬಂತು. ಕ್ಯಾಪ್ಟನ್ ಜೋಯಾ ಅಗರ್ವಾಲ್ ನೇತೃತ್ವದ, ಎಲ್ಲರೂ ಮಹಿಳೆಯರೇ ಇದ್ದ ಪೈಲಟ್ ತಂಡ ಅದನ್ನು ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ತಂದಿತು. ಧ್ರುವದ ಕಡೆ ಎದುರುಗಾಳಿ ಕಡಿಮೆ. ಕೆಲವು ನೂರು ಕಿಲೋಮೀಟರ್ ಹೆಚ್ಚಾದರೂ ಒಟ್ಟು ಲೆಕ್ಕದಲ್ಲಿ ಲಾಭ.

ದಾರ ತೋರಿಸುವ ಹಾದಿಯಲ್ಲೇ ಹೋಗಲು ಇನ್ನೂ ಎರಡು ಅಡ್ಡಿ. ಒಂದು ಟಿಬೆಟ್. ವಿಮಾನದೊಳಗಿನ ಗಾಳಿಯ ಒತ್ತಡ ಏಕಾಏಕಿ ಇಳಿದರೆ ತಲೆಯ ಮೇಲಿಂದ ಮಾಸ್ಕ್ ಬೀಳುತ್ತದಲ್ಲ, ಅದರಲ್ಲಿ ಸಾಮಾನ್ಯವಾಗಿ 12ರಿಂದ 15 ನಿಮಿಷಕ್ಕಾಗುವಷ್ಟು ಆಮ್ಲಜನಕ. ಅಷ್ಟರೊಳಗೆ ಪೈಲಟ್ 10,000 ಅಡಿಗೆ, ಅಂದರೆ 3 ಕಿ.ಮೀ. ಎತ್ತರಕ್ಕೆ ಇಳಿಸಬೇಕು. ಟಿಬೆಟ್‌ನ ನೆಲವೇ ನಾಲ್ಕೂವರೆ ಕಿ.ಮೀ. ಎತ್ತರದಲ್ಲಿದೆ. ಇಳಿಯುವುದೆಲ್ಲಿಗೆ? ಹಾಗಾಗಿ ದೂರದ ವಿಮಾನಗಳು ಬಹುಪಾಲು ಅದರ ಅಂಚು ಬಳಸಿ ಹೋಗುತ್ತವೆ.

ಇನ್ನೊಂದು ಅಡ್ಡಿ ರಾಜಕೀಯದ್ದು. 2022ರ ಉಕ್ರೇನ್ ಯುದ್ಧದ ನಂತರ ಅಮೆರಿಕ ಮತ್ತು ಯುರೋಪಿನ ಸಂಸ್ಥೆಗಳಿಗೆ ರಷ್ಯಾದ ಆಕಾಶವಿಲ್ಲ. ಯುನೈಟೆಡ್ ಸಂಸ್ಥೆ 2020ರಲ್ಲಿ ಘೋಷಿಸಿದ್ದ ಸ್ಯಾನ್ ಫ್ರಾನ್ಸಿಸ್ಕೋ–ಬೆಂಗಳೂರು ವಿಮಾನ ಮೊದಲು ಕೋವಿಡ್, ಆಮೇಲೆ ಈ ಯುದ್ಧಕ್ಕೆ ಸಿಕ್ಕಿ ಘೋಷಣೆಯಾಗಿಯೇ ಉಳಿಯಿತು. 2025ರ ಏಪ್ರಿಲ್ 24ರಂದು ಪಾಕಿಸ್ತಾನ ತನ್ನ ವಾಯುಪ್ರದೇಶವನ್ನು ಭಾರತೀಯ ಸಂಸ್ಥೆಗಳಿಗೆ ಮುಚ್ಚಿತು. ಅದರ ಪೆಟ್ಟು ದೆಹಲಿಯಿಂದ ಪಶ್ಚಿಮಕ್ಕೆ ಹೋಗುವ ವಿಮಾನಗಳಿಗೆ ಹೆಚ್ಚು.

ಇದರ ಜೊತೆಗೆ ಚಳಿಯ ಲೆಕ್ಕವೂ ಉಂಟು. ಬೆಂಗಳೂರಿನಲ್ಲಿ ತುಂಬುವ ಜೆಟ್ ಎ-1 ಇಂಧನ ಮೈನಸ್ 47 ಡಿಗ್ರಿಯವರೆಗೆ ಹೆಪ್ಪುಗಟ್ಟುವುದಿಲ್ಲ. ಅಮೆರಿಕದಲ್ಲಿ ಸಾಮಾನ್ಯವಾಗಿ ಸಿಗುವ ಜೆಟ್ ಎ ತಡೆದುಕೊಳ್ಳುವುದು ಮೈನಸ್ 40ರವರೆಗೆ ಮಾತ್ರ. ಹೀಗಾಗಿ ಧ್ರುವದ ಹಾದಿಯಲ್ಲಿ ಟ್ಯಾಂಕಿನ ಉಷ್ಣತೆಯ ಮೇಲೆ ಕಣ್ಣಿಡಬೇಕಾದ್ದು ಹೋಗುವಾಗಿಗಿಂತ ಬರುವಾಗ ಹೆಚ್ಚು. ತೀರಾ ತಣ್ಣಗಾದರೆ ಬೆಚ್ಚಗಿನ ಗಾಳಿಯ ಮಟ್ಟಕ್ಕೆ ಇಳಿಸುತ್ತಾರೆ, ಇಲ್ಲವೆ ವೇಗ ಹೆಚ್ಚಿಸುತ್ತಾರೆ. ವೇಗ ಹೆಚ್ಚಿದರೆ ಗಾಳಿಯ ತಿಕ್ಕಾಟಕ್ಕೆ ರೆಕ್ಕೆ ಬಿಸಿಯಾಗುತ್ತದೆ.

ಪ್ರಶ್ನೆ: ಹೋಗುವಾಗ 16 ಗಂಟೆ, ಬರುವಾಗ ಹದಿನೇಳೂವರೆ. ಭೂಮಿ ಪಶ್ಚಿಮದಿಂದ ಪೂರ್ವಕ್ಕೆ ತಿರುಗುವುದರಿಂದ ಹೀಗಾಗುತ್ತದೆ ಎಂದು ಸ್ನೇಹಿತ ವಾದಿಸುತ್ತಾನೆ. ಹಾಗಿದ್ದರೆ ಪೂರ್ವಕ್ಕೆ ಹೋಗುವಾಗಲೇ ಹೆಚ್ಚು ಹೊತ್ತು ಹಿಡಿಯಬೇಕಲ್ಲವೆ? — ಕಾಲೇಜು ವಿದ್ಯಾರ್ಥಿ, ಶಿವಮೊಗ್ಗ

ನಿಮ್ಮ ಅನುಮಾನ ಸರಿ, ಸ್ನೇಹಿತನ ವಾದ ತಪ್ಪು. ಬೆಂಗಳೂರಿನ ನೆಲ ಭೂಮಿಯ ಜೊತೆ ಗಂಟೆಗೆ ಸುಮಾರು 1,620 ಕಿ.ಮೀ. ವೇಗದಲ್ಲಿ ತಿರುಗುತ್ತಿದೆ. ಆದರೆ ಮೇಲಿನ ಗಾಳಿಯೂ ಅದರ ಜೊತೆಗೇ ತಿರುಗುತ್ತಿದೆ, ನಿಲ್ದಾಣದಲ್ಲಿ ನಿಂತ ವಿಮಾನವೂ ತಿರುಗುತ್ತಿದೆ. ಓಡುವ ರೈಲಿನೊಳಗೆ ಎಂಜಿನ್ ಕಡೆಗೆ ನಡೆದರೂ ಗಾರ್ಡ್ ಡಬ್ಬಿಯ ಕಡೆಗೆ ನಡೆದರೂ ಕಾಲಿಗೆ ಶ್ರಮ ಒಂದೇ. ವ್ಯತ್ಯಾಸ ಬರುವುದು ನೆಲಕ್ಕೆ ಹೋಲಿಸಿದಾಗ ಗಾಳಿ ಎತ್ತ ಬೀಸುತ್ತಿದೆ ಎನ್ನುವುದರಿಂದ.

ಭೂಮಿಯ ಮಧ್ಯ ಅಕ್ಷಾಂಶಗಳ ಮೇಲೆ, ವಿಮಾನಗಳು ಹಾರುವ 10ರಿಂದ 12 ಕಿ.ಮೀ. ಎತ್ತರದಲ್ಲೇ, ಪಶ್ಚಿಮದಿಂದ ಪೂರ್ವಕ್ಕೆ ಗಾಳಿಯ ಹೊಳೆಯೊಂದು ಹರಿಯುತ್ತದೆ. ಅದೇ ಜೆಟ್ ಪ್ರವಾಹ. ವೇಗ ಗಂಟೆಗೆ 100ರಿಂದ 200 ಕಿ.ಮೀ., ಚಳಿಗಾಲದಲ್ಲಿ ಇನ್ನೂ ಹೆಚ್ಚು. ಉತ್ತರದ ಚಳಿಗೂ ಉಷ್ಣವಲಯದ ಬಿಸಿಗೂ ಅಂತರ ಹೆಚ್ಚಿದಷ್ಟೂ ಅದರ ರಭಸ ಹೆಚ್ಚು. ದೊಡ್ಡ ಜೆಟ್ ವಿಮಾನ ಗಾಳಿಗೆ ಹೋಲಿಸಿದರೆ ಗಂಟೆಗೆ 900 ಕಿ.ಮೀ. ಆಸುಪಾಸು ಹಾರುತ್ತದೆ. ಬೆನ್ನ ಹಿಂದೆ 150 ಗಾಳಿ ಸಿಕ್ಕರೆ ನೆಲದ ಲೆಕ್ಕದಲ್ಲಿ 1,050. ಎದುರಾದರೆ 750.

ದೂರ ಮತ್ತು ಹೊತ್ತಿನ ನಂಟು ಎಷ್ಟು ಸಡಿಲ ಎಂಬುದಕ್ಕೆ ಒಳ್ಳೆಯ ಉದಾಹರಣೆ 2016ರ ಅಕ್ಟೋಬರಿನದು. ಅಲ್ಲಿಯವರೆಗೆ ದೆಹಲಿ–ಸ್ಯಾನ್ ಫ್ರಾನ್ಸಿಸ್ಕೋ ವಿಮಾನ ಅಟ್ಲಾಂಟಿಕ್ ಕಡೆಯಿಂದ ಸುಮಾರು 13,900 ಕಿ.ಮೀ. ಹಾರುತ್ತಿತ್ತು. ಏರ್ ಇಂಡಿಯಾ ಅದನ್ನು ಪೆಸಿಫಿಕ್ ಕಡೆ ತಿರುಗಿಸಿತು. ದೂರ 15,300 ಕಿ.ಮೀ.ಗೆ ಏರಿತು, ಆದರೆ ಹಾರಾಟ 14 ಗಂಟೆ 30 ನಿಮಿಷದಲ್ಲಿ ಮುಗಿಯಿತು. 1,400 ಕಿ.ಮೀ. ಹೆಚ್ಚು ಹಾರಿಯೂ ಬೇಗ ತಲುಪಿದ್ದು ಬೆನ್ನುಗಾಳಿಯ ದಯೆ.

ಹೋಗುವಾಗ ಉಳಿದದ್ದು ಬರುವಾಗಿನ ನಷ್ಟಕ್ಕೆ ಸರಿಹೋಗುತ್ತದೆ ಎಂದುಕೊಳ್ಳಬೇಡಿ. 9,000 ಕಿ.ಮೀ. ಹಾದಿಯನ್ನು ಗಾಳಿಯಿಲ್ಲದೆ 900ರ ವೇಗದಲ್ಲಿ ಹೋಗಿ ಬಂದರೆ 20 ಗಂಟೆ. 100 ಕಿ.ಮೀ. ಗಾಳಿ ಇದ್ದರೆ ಹೋಗಲು 9 ಗಂಟೆ, ಬರಲು 11 ಗಂಟೆ 15 ನಿಮಿಷ, ಒಟ್ಟು 20 ಗಂಟೆ 15 ನಿಮಿಷ. ಎದುರುಗಾಳಿಯಲ್ಲಿ ನಿಧಾನವಾಗಿ ಹೋಗುವುದರಿಂದ ಆ ಗಾಳಿಯನ್ನು ಹೆಚ್ಚು ಹೊತ್ತು ಅನುಭವಿಸಬೇಕಾಗುತ್ತದೆ, ಅದಕ್ಕೆ ಈ ಕಾಲು ಗಂಟೆ.

ನೀವೇ ಹೊತ್ತು ಅಂದಾಜಿಸಬೇಕಾದರೆ ದೂರವನ್ನು 890ರಿಂದ ಭಾಗಿಸಿ, ಏರುವ ಇಳಿಯುವ ನಿಧಾನಕ್ಕೆ ಅರ್ಧ ಗಂಟೆ ಸೇರಿಸಿ. ನಮ್ಮ ಹಾದಿಗೆ 16 ಗಂಟೆ 15 ನಿಮಿಷದ ಹತ್ತಿರ ಬರುತ್ತದೆ. ಪೂರ್ವಕ್ಕಾದರೆ ಅದರಿಂದ ಸ್ವಲ್ಪ ಕಳೆಯಿರಿ, ಪಶ್ಚಿಮಕ್ಕಾದರೆ ಒಂದು, ಒಂದೂವರೆ ಗಂಟೆ ಕೂಡಿ.

ಪ್ರಶ್ನೆ: ಟಿಕೆಟಿನಲ್ಲಿ ಸೋಮವಾರ ಮಧ್ಯಾಹ್ನ 2ಕ್ಕೆ ಹೊರಟು ಸೋಮವಾರವೇ ಸಂಜೆ 5.30ಕ್ಕೆ ತಲುಪುವುದಾಗಿದೆ. ಬರುವಾಗ ಸೋಮವಾರ ರಾತ್ರಿ 9ಕ್ಕೆ ಹೊರಟರೆ ಬುಧವಾರ ಬೆಳಗಿನ ಜಾವ 3 ಗಂಟೆ. ಮುದ್ರಣದ ತಪ್ಪೆ? — ಹಾಸನದ ಗೃಹಿಣಿ

ತಪ್ಪಿಲ್ಲ. ಟಿಕೆಟಿನಲ್ಲಿ ಪ್ರತಿ ಊರಿನ ಹೊತ್ತನ್ನು ಆಯಾ ಊರಿನ ಗಡಿಯಾರದಲ್ಲೇ ಬರೆಯುತ್ತಾರೆ. ಸ್ಯಾನ್ ಫ್ರಾನ್ಸಿಸ್ಕೋ ಗಡಿಯಾರ ನಮ್ಮದಕ್ಕಿಂತ ಬೇಸಿಗೆಯಲ್ಲಿ 12 ಗಂಟೆ 30 ನಿಮಿಷ, ಚಳಿಗಾಲದಲ್ಲಿ 13 ಗಂಟೆ 30 ನಿಮಿಷ ಹಿಂದೆ. ಅಲ್ಲಿ ಮಾರ್ಚ್ ತಿಂಗಳ ಎರಡನೇ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದಿಟ್ಟು, ನವೆಂಬರಿನ ಮೊದಲ ಭಾನುವಾರ ಹಿಂದಿಡುತ್ತಾರೆ.

ಲೆಕ್ಕ ಹಾಕುವಾಗ ಎಲ್ಲವನ್ನೂ ಮೊದಲು ಭಾರತದ ಹೊತ್ತಿಗೆ ತಂದುಕೊಳ್ಳಿ. ನಿಮ್ಮ ಟಿಕೆಟ್ ಬೇಸಿಗೆಯದು. ಸೋಮವಾರ ಮಧ್ಯಾಹ್ನ 2ಕ್ಕೆ ಹೊರಟು 16 ಗಂಟೆ ಹಾರಿದರೆ ನಮ್ಮಲ್ಲಿ ಮಂಗಳವಾರ ಬೆಳಿಗ್ಗೆ 6. ಅದರಲ್ಲಿ ಹನ್ನೆರಡೂವರೆ ಗಂಟೆ ಕಳೆದರೆ ಅಲ್ಲಿ ಸೋಮವಾರ ಸಂಜೆ 5.30. ಬರುವಾಗ ಅಲ್ಲಿಯ ಸೋಮವಾರ ರಾತ್ರಿ 9 ಎಂದರೆ ನಮ್ಮ ಮಂಗಳವಾರ ಬೆಳಿಗ್ಗೆ 9.30. ಹದಿನೇಳೂವರೆ ಗಂಟೆ ಕೂಡಿಸಿ: ಬುಧವಾರ ಬೆಳಗಿನ ಜಾವ 3. ದಿನಾಂಕ ರೇಖೆ ದಾಟಿದೆವೋ ಇಲ್ಲವೋ, ಅಟ್ಲಾಂಟಿಕ್ ಮೇಲೋ ಪೆಸಿಫಿಕ್ ಮೇಲೋ ಎಂದು ತಲೆ ಕೆಡಿಸಿಕೊಳ್ಳಬೇಡಿ. ಯಾವ ಕಡೆಯಿಂದ ಹೋದರೂ ಉತ್ತರ ಇದೇ.

ಬರುವ ದಿನ ಕರೆದುಕೊಂಡು ಹೋಗಲು ಕಾರಿಗೆ ಹೇಳುವವರು ಎಡವುವುದು ಇಲ್ಲೇ. ಬುಧವಾರ ಬೆಳಗಿನ ಜಾವ 3 ಎಂದರೆ ಮನೆಯಿಂದ ಹೊರಡಬೇಕಾದ್ದು ಮಂಗಳವಾರ ರಾತ್ರಿ. ಚಾಲಕರಿಗೆ ‘ಮಂಗಳವಾರ ರಾತ್ರಿ ಕಳೆದು ಬುಧವಾರ ಬೆಳಕು ಹರಿಯುವ ಮುಂಚೆ’ ಎಂದು ಬಿಡಿಸಿ ಹೇಳಿ.

ಪ್ರಶ್ನೆ: ನೇರ ವಿಮಾನ, ದೆಹಲಿ ಮೂಲಕ, ಫ್ರಾಂಕ್‌ಫರ್ಟ್ ಮೂಲಕ, ದುಬೈ ಮೂಲಕ. ಇವುಗಳಲ್ಲಿ ಯಾವುದು ಹತ್ತಿರ? — ಮೈಸೂರಿನ ನಿವೃತ್ತ ಬ್ಯಾಂಕ್ ನೌಕರರು

ದೂರದ ಮಟ್ಟಿಗೆ ದೆಹಲಿ ಅಚ್ಚರಿ ಹುಟ್ಟಿಸುತ್ತದೆ. ಬೆಂಗಳೂರು–ದೆಹಲಿ 1,710 ಕಿ.ಮೀ., ಅಲ್ಲಿಂದ ಸ್ಯಾನ್ ಫ್ರಾನ್ಸಿಸ್ಕೋ ಸುಮಾರು 12,380. ಒಟ್ಟು 14,090. ನೇರ ಹಾದಿಗಿಂತ ಹೆಚ್ಚುವರಿ ನೂರೇ ಕಿಲೋಮೀಟರ್. ಹೇಗಿದ್ದರೂ ಉತ್ತರಕ್ಕೇ ಹೋಗಬೇಕು, ದೆಹಲಿ ಹೆಚ್ಚುಕಡಿಮೆ ದಾರಿಯಲ್ಲೇ ಸಿಗುತ್ತದೆ. ದುಬೈ ಮೂಲಕ ಸುಮಾರು 15,700. ಫ್ರಾಂಕ್‌ಫರ್ಟ್ ಮೂಲಕ 16,550, ಲಂಡನ್ ಮೂಲಕ 16,650, ಸಿಂಗಪುರದ ಮೂಲಕ 16,750 ಕಿ.ಮೀ. ಆಸುಪಾಸು.

ಆದರೆ ನಿಮ್ಮ ಹೊತ್ತನ್ನು ನಿರ್ಧರಿಸುವುದು ದೂರಕ್ಕಿಂತ ನಡುವಿನ ಕಾಯುವಿಕೆ. ಫ್ರಾಂಕ್‌ಫರ್ಟ್ ಹಾದಿ 2,500 ಕಿ.ಮೀ. ಉದ್ದವಾದರೂ ಅದು ಮೂರು ಗಂಟೆಯ ಹಾರಾಟವಷ್ಟೆ. ಕೂತು ಕಾಯುವುದು ಏಳು ಗಂಟೆಯಾದರೆ ಲೆಕ್ಕವೇ ಬೇರೆ. ಇನ್ನು ನೇರ ವಿಮಾನ ಎಂದಾಗ ಒಂದು ಎಚ್ಚರ. ‘ಡೈರೆಕ್ಟ್’ ಎಂದರೆ ವಿಮಾನದ ಸಂಖ್ಯೆ ಬದಲಾಗುವುದಿಲ್ಲ ಎಂದಷ್ಟೇ, ನಡುವೆ ಎಲ್ಲಾದರೂ ಇಳಿದು ಏರಬಹುದು. ಎಲ್ಲೂ ಇಳಿಯದ್ದು ‘ನಾನ್‌ಸ್ಟಾಪ್’. ಈ ಹಾದಿಯ ನಾನ್‌ಸ್ಟಾಪ್ ಸೇವೆ ವರ್ಷವಿಡೀ ಇದ್ದೇ ಇರುತ್ತದೆ ಎಂದುಕೊಂಡು ಮದುವೆ, ಬಾಣಂತನದ ದಿನ ಗೊತ್ತು ಮಾಡಬೇಡಿ. ವಿಮಾನದ ಕೊರತೆ, ವಾಯುಪ್ರದೇಶದ ತೊಡಕು ಬಂದಾಗ ಮೊದಲು ಕತ್ತರಿ ಬೀಳುವುದು ಇಂಥ ಅತಿ ದೂರದ ಹಾರಾಟಗಳಿಗೇ. ನಿಮ್ಮ ದಿನಾಂಕಕ್ಕೆ ಇದೆಯೇ ಎಂದು ವಿಮಾನ ಸಂಸ್ಥೆಯ ಜಾಲತಾಣದಲ್ಲೇ ನೋಡಿ.

ಬದಲಿಸಿ ಹೋಗುವುದಾದರೆ ಎರಡು ಹಂತವೂ ಒಂದೇ ಟಿಕೆಟಿನಲ್ಲಿರಲಿ. ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ ಮುಂದಿನದಕ್ಕೆ ಹತ್ತಿಸುವ ಹೊಣೆ ಸಂಸ್ಥೆಯದು. ಸಾವಿರಾರು ರೂಪಾಯಿ ಉಳಿಯಿತೆಂದು ಬೇರೆಬೇರೆ ಟಿಕೆಟ್ ತೆಗೆದರೆ ಆ ಹೊಣೆ ನಿಮ್ಮದೇ, ಲಗೇಜನ್ನು ತೆಗೆದು ಮತ್ತೆ ಕೊಡುವ ಕೆಲಸವೂ ನಿಮ್ಮದೇ. ನ್ಯೂಯಾರ್ಕ್ ಅಥವಾ ಷಿಕಾಗೊದಲ್ಲಿ ಬದಲಿಸುವವರು ನಡುವೆ ಮೂರು ಗಂಟೆಗೆ ಕಡಿಮೆ ಇಟ್ಟುಕೊಳ್ಳಬೇಡಿ. ಅಮೆರಿಕದಲ್ಲಿ ಮೊದಲು ಇಳಿದ ಊರಿನಲ್ಲೇ ಇಮಿಗ್ರೇಷನ್ ಮುಗಿಸಬೇಕು. ಟ್ಯಾಗ್ ಸ್ಯಾನ್ ಫ್ರಾನ್ಸಿಸ್ಕೋವರೆಗೆ ಇದ್ದರೂ ಸಾಮಾನ್ಯವಾಗಿ ಪೆಟ್ಟಿಗೆಯನ್ನು ಅಲ್ಲೇ ಬೆಲ್ಟಿನಿಂದ ಎತ್ತಿಕೊಂಡು, ಕಸ್ಟಮ್ಸ್ ದಾಟಿ, ಮತ್ತೆ ಒಪ್ಪಿಸಬೇಕು. ಟ್ಯಾಗ್ ನೋಡಿ ನಿಶ್ಚಿಂತೆಯಿಂದ ಮುಂದೆ ಹೋದವರ ಪೆಟ್ಟಿಗೆ ಬೆಲ್ಟಿನ ಮೇಲೆಯೇ ಸುತ್ತುತ್ತಿರುತ್ತದೆ.

ಪ್ರಶ್ನೆ: ಜಗತ್ತಿನಲ್ಲೇ ಉದ್ದದ ಹಾರಾಟ ನಮ್ಮದೇ ಎನ್ನುತ್ತಾರೆ, ಹೌದೆ? — ಬೆಳಗಾವಿಯ ಓದುಗರು

ಅಲ್ಲ. ಆ ಪಟ್ಟ ಸಿಂಗಪುರ–ನ್ಯೂಯಾರ್ಕ್ ಕೆನಡಿ ನಿಲ್ದಾಣದ ಹಾರಾಟದ್ದು: ಸುಮಾರು 15,350 ಕಿ.ಮೀ., ಹದಿನೆಂಟೂವರೆ ಗಂಟೆಗೂ ಹೆಚ್ಚು. 2021ರಲ್ಲಿ ಹಾರಾಟ ಶುರುವಾದಾಗ ಏರ್ ಇಂಡಿಯಾದ ಹಾದಿಗಳಲ್ಲೆಲ್ಲ ಉದ್ದದ್ದು ನಮ್ಮದಾಗಿತ್ತು ಎನ್ನುವುದು ನಿಜ.

ಪ್ರಶ್ನೆ: ನಾನ್‌ಸ್ಟಾಪ್ ವಿಮಾನದಲ್ಲಿ ಸೀಟು ಖಾಲಿ ಕಂಡರೂ ‘ತೂಕ ಮಿತಿ ಮೀರಿದೆ’ ಎಂದರಂತೆ. ಅಷ್ಟು ದೊಡ್ಡ ವಿಮಾನಕ್ಕೆ ಹತ್ತು ಜನ ಭಾರವೆ? — ಉಡುಪಿಯ ಓದುಗರು

ಭಾರ ಜನರದ್ದಲ್ಲ, ಇಂಧನದ್ದು. ಏರ್ ಇಂಡಿಯಾ ಈ ಹಾದಿಗೆ ತಂದ ಬೋಯಿಂಗ್ 777-200ಎಲ್ಆರ್ ವಿಮಾನ ಏರಬಹುದಾದ ಗರಿಷ್ಠ ತೂಕ ಸುಮಾರು 347 ಟನ್. ಗಂಟೆಗೆ ಸುಮಾರು 7 ಟನ್ ಇಂಧನ ಉರಿಯುತ್ತದೆ ಎಂದು ಹಿಡಿದರೂ 17 ಗಂಟೆಗೆ ಹತ್ತಿರಹತ್ತಿರ 120 ಟನ್. ಅದರ ಮೇಲೆ ಕಾಯಬೇಕಾಗಿ ಬಂದರೆ, ಬೇರೆ ನಿಲ್ದಾಣಕ್ಕೆ ತಿರುಗಬೇಕಾದರೆ ಎಂದು ಮೀಸಲು. ಏರುವಾಗ ವಿಮಾನದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ತೂಕ ಸೀಮೆಎಣ್ಣೆಯ ಈ ಅಣ್ಣನದೇ. ಇದರಲ್ಲಿ ಇನ್ನೊಂದು ಸಂಕಟ: ಕೊನೆಯ ಗಂಟೆಗೆ ಬೇಕಾದ ಇಂಧನವನ್ನು ಮೊದಲ 16 ಗಂಟೆ ಹೊತ್ತು ಸಾಗಬೇಕು, ಹಾಗೆ ಹೊರುವುದಕ್ಕೇ ಮತ್ತಷ್ಟು ಇಂಧನ ಬೇಕು. ಎದುರುಗಾಳಿ ಜೋರಾಗಿ ಹಾರಾಟ ಅರ್ಧ ಗಂಟೆ ಉದ್ದವಾಗುವ ದಿನ ಹೆಚ್ಚುವರಿ ಇಂಧನಕ್ಕೆ ಜಾಗ ಮಾಡಿಕೊಡಬೇಕಾದ್ದು ಸರಕು, ಆಮೇಲೆ ಜನ.

ಬೆಂಗಳೂರಿಗೆ ಇನ್ನೊಂದು ತೊಡಕಿದೆ. ನಮ್ಮ ನಿಲ್ದಾಣ ಸಮುದ್ರಮಟ್ಟದಿಂದ 915 ಮೀಟರ್ ಎತ್ತರದಲ್ಲಿದೆ, ಸ್ಯಾನ್ ಫ್ರಾನ್ಸಿಸ್ಕೋದ್ದು ಕೊಲ್ಲಿಯ ನೀರಿನ ಪಕ್ಕದಲ್ಲೇ. ಎತ್ತರದಲ್ಲಿ ಗಾಳಿ ತೆಳು, ಬಿಸಿಲಿನಲ್ಲಿ ಇನ್ನೂ ತೆಳು. ತೆಳುಗಾಳಿಯಲ್ಲಿ ಎಂಜಿನ್ನಿಗೂ ರೆಕ್ಕೆಗೂ ಬಲ ಕಡಿಮೆ. ರನ್‌ವೇ 4,000 ಮೀಟರ್ ಉದ್ದವಿರುವುದು ಆಸರೆಯೇ, ಆದರೂ ಏಪ್ರಿಲ್ ಮಧ್ಯಾಹ್ನದ ಸೆಕೆಯಲ್ಲಿ ತುಂಬು ಟ್ಯಾಂಕಿನೊಡನೆ ಏರುವುದಕ್ಕೂ ಡಿಸೆಂಬರ್ ರಾತ್ರಿ ಏರುವುದಕ್ಕೂ ಹೊರಬಹುದಾದ ತೂಕದಲ್ಲಿ ಅಂತರವಿರುತ್ತದೆ.

ಪ್ರಶ್ನೆ: ನಮ್ಮ ತಾಯಿ ದಿನಾ ಬೆಳಿಗ್ಗೆ 8ಕ್ಕೆ ರಕ್ತದೊತ್ತಡದ ಮಾತ್ರೆ ತೆಗೆದುಕೊಳ್ಳುತ್ತಾರೆ. ಪ್ರಯಾಣದಲ್ಲಿ ಯಾವ ಬೆಳಿಗ್ಗೆ? — ಚಿಕ್ಕಮಗಳೂರಿನಿಂದ

ದಿನಕ್ಕೊಂದು ಮಾತ್ರೆ ಎಂದರೆ 24 ಗಂಟೆಗೆ ಒಂದು. ಅಮ್ಮನ ಕೈಗಡಿಯಾರವನ್ನು ಇಳಿಯುವವರೆಗೆ ಭಾರತದ ಹೊತ್ತಿನಲ್ಲೇ ಬಿಡಿ. ನಮ್ಮ ಬೆಳಿಗ್ಗೆ 8 ಎಂದರೆ ಬೇಸಿಗೆಯಲ್ಲಿ ಅಲ್ಲಿ ಹಿಂದಿನ ದಿನದ ಸಂಜೆ 7.30. ತಲುಪಿದ ಮೇಲೂ ಅದೇ ಹೊತ್ತಿಗೆ, ಅಂದರೆ ಸಂಜೆ ಊಟದ ಮುಂಚೆ ಮುಂದುವರಿಸಬಹುದೆ, ಬೆಳಿಗ್ಗೆಗೆ ಸರಿಸಬೇಕೆ ಎಂದು ಹೊರಡುವ ಮೊದಲೇ ವೈದ್ಯರನ್ನು ಕೇಳಿ ಚೀಟಿಯಲ್ಲಿ ಬರೆಸಿಕೊಳ್ಳಿ. ಇನ್ಸುಲಿನ್ ತೆಗೆದುಕೊಳ್ಳುವವರಂತೂ ಕೇಳದೆ ಹೊರಡಲೇಬಾರದು. ಪೂರ್ವಕ್ಕೂ ಪಶ್ಚಿಮಕ್ಕೂ ಊಟದ ನಡುವಿನ ಅಂತರವೇ ಬದಲಾಗುತ್ತದೆ. ಔಷಧಿ ಕೈಚೀಲದಲ್ಲಿರಲಿ, ಒಂದೆರಡು ದಿನಕ್ಕೆ ಹೆಚ್ಚೇ ಇರಲಿ. ಚೆಕ್-ಇನ್ ಪೆಟ್ಟಿಗೆಗೆ ಬೇಡ.

16 ಗಂಟೆ ಕಾಲು ಇಳಿಬಿಟ್ಟು ಕೂತರೆ ಪಾದ ಊದುತ್ತದೆ, ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವೂ ಇದೆ. ನಡುದಾರಿಯ ಪಕ್ಕದ ಸೀಟು ಕೇಳಿ, ಎಚ್ಚರವಿದ್ದಾಗ ಗಂಟೆ ಎರಡು ಗಂಟೆಗೊಮ್ಮೆ ಎದ್ದು ನಡೆಯಲಿ. ಗಾಲಿಕುರ್ಚಿ ಬೇಕಾದರೆ ಟಿಕೆಟ್ ಮಾಡಿಸುವಾಗಲೇ ಹೇಳಿ, ಕೌಂಟರಿನಲ್ಲಿ ಕೇಳಿದರೆ ಕಾಯಬೇಕಾದೀತು. ಮತ್ತೆ, ಅಮ್ಮ ಮೊಮ್ಮಕ್ಕಳಿಗೆಂದು ಕಟ್ಟಿದ ಗಂಟಿನಿಂದ ಹಸಿ ಕರಿಬೇವನ್ನು ತೆಗೆದಿಡಿ, ಅಮೆರಿಕದ ಕಸ್ಟಮ್ಸ್ ಬಿಡುವುದಿಲ್ಲ. ಚಟ್ನಿಪುಡಿಗೆ ಅಡ್ಡಿಯಿಲ್ಲ. ಏನೇ ತಿಂಡಿ ಇದ್ದರೂ ಕೇಳಿದಾಗ ಇದೆ ಎಂದೇ ಹೇಳಬೇಕು, ದಂಡ ಬೀಳುವುದು ಮುಚ್ಚಿಟ್ಟದ್ದಕ್ಕೆ.

ಪ್ರಶ್ನೆ: ಟಿಕೆಟಿನಲ್ಲಿ 17 ಗಂಟೆ 45 ನಿಮಿಷ ಎಂದಿತ್ತು. ಪೈಲಟ್ ಮೈಕಿನಲ್ಲಿ 16 ಗಂಟೆ 50 ನಿಮಿಷ ಎಂದರು. ಕರೆದುಕೊಂಡು ಬರಲು ಯಾವುದನ್ನು ನಂಬಿ ಮನೆ ಬಿಡಬೇಕು? — ಜಯನಗರ, ಬೆಂಗಳೂರು

ಪೈಲಟ್ ಹೇಳಿದ್ದು ಚಕ್ರ ನೆಲ ಬಿಟ್ಟಲ್ಲಿಂದ ನೆಲ ಮುಟ್ಟುವವರೆಗೆ. ಟಿಕೆಟಿನದು ಚಕ್ರಕ್ಕೆ ಕೊಟ್ಟ ಅಡೆಗಟ್ಟೆ ತೆಗೆದಲ್ಲಿಂದ ಮತ್ತೆ ಅಡೆಗಟ್ಟೆ ಕೊಡುವವರೆಗೆ. ರನ್‌ವೇವರೆಗೆ ಉರುಳುವುದು, ಸರದಿಯಲ್ಲಿ ನಿಲ್ಲುವುದು, ಇಳಿದ ಮೇಲೆ ಬಾಗಿಲಿಗೆ ಬರುವುದು ಎಲ್ಲ ಅದರಲ್ಲಿ ಸೇರಿದೆ. ಅದರ ಜೊತೆಗೆ ಸಂಸ್ಥೆಗಳು ತಡವಾದರೂ ಸಮಯಕ್ಕೆ ಬಂದಂತೆ ಕಾಣಲೆಂದು ಒಂದಿಷ್ಟು ನಿಮಿಷ ಜೇಬಿನಲ್ಲಿಟ್ಟುಕೊಂಡಿರುತ್ತವೆ. ಈ ಕಾರಣಕ್ಕೇ ಅರ್ಧ ಗಂಟೆ ತಡವಾಗಿ ಹೊರಟ ವಿಮಾನ ಸಮಯಕ್ಕಿಂತ ಮುಂಚೆ ಬಂದು ಇಳಿಯುವುದುಂಟು.

ನೀವು ಎರಡನ್ನೂ ನಂಬಬೇಡಿ. ಹಾರಾಟದ ಕೊನೆಯ ಮೂರು ಗಂಟೆಯಲ್ಲಿ ಜಾಡು ತೋರಿಸುವ ಆ್ಯಪ್ ಹೇಳುವ ಇಳಿಯುವ ಹೊತ್ತು ಹೆಚ್ಚುಕಡಿಮೆ ಸರಿಯಿರುತ್ತದೆ, ಅಷ್ಟರಲ್ಲಿ ಗಾಳಿಯ ಹೆಚ್ಚಿನ ಭಾಗ ಹಿಂದೆ ಬಿದ್ದಿರುತ್ತದೆ. ಆ ಹೊತ್ತಿಗೆ ಇಮಿಗ್ರೇಷನ್, ಲಗೇಜು ಎಂದು ಒಂದು ಗಂಟೆ ಸೇರಿಸಿ. ಬೆಳಗಿನ ಜಾವ ಹಲವು ವಿದೇಶಿ ವಿಮಾನಗಳು ಒಟ್ಟೊಟ್ಟಿಗೆ ಇಳಿದರೆ ಒಂದೂವರೆ ಗಂಟೆ. 3ಕ್ಕೆ ಇಳಿಯುವುದಾದರೆ ಎರಡನೇ ಟರ್ಮಿನಲ್ಲಿನ ಹೊರಬಾಗಿಲಲ್ಲಿ 4ಕ್ಕೆ ಇದ್ದರೆ ಸಾಕು. ಜಯನಗರದಿಂದ ಆ ಹೊತ್ತಿನಲ್ಲಿ ದೇವನಹಳ್ಳಿಗೆ ಒಂದು ಗಂಟೆಯ ದಾರಿ, ಮನೆ ಬಿಡುವುದು 3ಕ್ಕೆ. ಬೇಗ ಹೋದರೆ ಪಾರ್ಕಿಂಗ್ ಮೀಟರ್ ಮಾತ್ರ ಓಡುತ್ತದೆ.